ಅಕ್ಟೋಬರ್ 4ರ ನಿಮ್ಮ ಪಟ್ಟಿ: 13ರಲ್ಲಿ ಉಳಿದದ್ದು 5

ನಮಸ್ಕಾರ.

ಎಲ್ಲರೂ ಸೇರಿ ಬರೆಯುವ ನಮ್ಮ ತಾಣದ ‘ಇತಿಹಾಸದಲ್ಲಿ ಈ ದಿನ’ ಅಂಕಣದ 2026ರ ಅಕ್ಟೋಬರ್ 4ರ ಸರದಿಗೆ ನೀವು ಕಳಿಸಿದ 13 ಸಾಲುಗಳನ್ನು ಓದಿದೆವು. ಮೊದಲ ಪುಟದಲ್ಲಿ ಜಾಗ ಇರುವುದು ಐದು ಘಟನೆಗೆ ಮತ್ತು ಇಬ್ಬರು ವ್ಯಕ್ತಿಗಳಿಗೆ. ನಿಮ್ಮ ಸಾಲುಗಳಲ್ಲಿ ಎರಡನ್ನು ಇದ್ದಂತೆಯೇ, ಮೂರನ್ನು ತಿದ್ದಿ ಇಟ್ಟುಕೊಂಡಿದ್ದೇವೆ. ಉಳಿದೆರಡು ಜಾಗಕ್ಕೆ ನಿಮ್ಮ ಪಟ್ಟಿಯಲ್ಲಿಲ್ಲದ ಘಟನೆಗಳನ್ನು ಹಾಕಿದ್ದೇವೆ. ‘ಚೆನ್ನಾಗಿದೆ, ಬರೆಯುತ್ತಿರಿ’ ಎಂದು ಬೆನ್ನು ತಟ್ಟಿ ಸುಮ್ಮನಾಗಬಹುದಿತ್ತು. ಹಾಗೆ ಮಾಡಿದರೆ ಮುಂದಿನ ಪಟ್ಟಿಯೂ ಹೀಗೇ ಬರುತ್ತದೆ, ಹಾಗಾಗಿ ಏನು ಬಿಟ್ಟೆವು, ಯಾಕೆ ಬಿಟ್ಟೆವು ಎಂದು ಬಿಡಿಸಿ ಬರೆಯುತ್ತಿದ್ದೇವೆ.

ನೀವು ಎಡವಿದ್ದು ಆರಿಸುವ ಕ್ರಮದಲ್ಲಿ. ಘಟನೆ ಎಷ್ಟು ದೊಡ್ಡದು ಎಂದು ನೀವು ನೋಡಿದಿರಿ, ನಾವು ನೋಡುವುದು ಅದರ ಪುಟವನ್ನು. ಓದುಗರು ಸಾಲಿನ ಮೇಲೆ ಒತ್ತಿದರೆ ಒಂದು ಪುಟ ತೆರೆಯುತ್ತದಲ್ಲ, ಆ ಪುಟದ ಒಳಗೆ ಈ ದಿನಾಂಕ ಇರಬೇಕು ಮತ್ತು ದಿನಾಂಕದ ಪಕ್ಕದಲ್ಲೇ ಆಧಾರ ಇರಬೇಕು. ಪುಟದ ನೆತ್ತಿಯ ಮೇಲೆ ‘ಆಧಾರಗಳಿಲ್ಲ’, ‘ಏಕಪಕ್ಷೀಯವಾಗಿದೆ’ ಎಂಬ ಎಚ್ಚರಿಕೆ ಪಟ್ಟಿ ಅಂಟಿಕೊಂಡಿರಬಾರದು. ನಾಲ್ಕು ಸಾಲಿನ ಚುಟುಕು ಪುಟವೂ ಆಗುವುದಿಲ್ಲ. ಎಷ್ಟೇ ದೊಡ್ಡ ಯುದ್ಧವಾಗಲಿ, ಪುಟ ಹರಕಾಗಿದ್ದರೆ ಹೊರಗೆ. ಎಲ್ಲರೂ ಸೇರಿ ಬರೆಯುವ ತಾಣದಲ್ಲಿ ಮೊದಲ ಪುಟದ ಜಾಗ ಎಂದರೆ ಚೆನ್ನಾಗಿ ಬರೆದವರಿಗೆ ಸಿಗುವ ಮನ್ನಣೆ, ಬರಿಯ ಇತಿಹಾಸಕ್ಕೆ ಸಲ್ಲಿಸುವ ಗೌರವವಲ್ಲ.

ಪರೀಕ್ಷೆ ಎರಡು ನಿಮಿಷದ್ದು. ಪುಟ ತೆರೆದು ‘ಅಕ್ಟೋಬರ್’ ಎಂದು ಹುಡುಕಿ. ಪೀಠಿಕೆಯಲ್ಲಿ, ಬಲಬದಿಯ ಮಾಹಿತಿ ಪೆಟ್ಟಿಗೆಯಲ್ಲಿ, ಒಳಗಿನ ಬರಹದಲ್ಲಿ, ಮೂರೂ ಕಡೆ ಒಂದೇ ದಿನಾಂಕ ಇದೆಯೇ ನೋಡಿ. ಆಮೇಲೆ ಆ ಆಧಾರವನ್ನು ತೆರೆಯಿರಿ. ಹೆಚ್ಚಿನವರು ಬಿಡುವುದು ಈ ಕೊನೆಯ ಹೆಜ್ಜೆಯನ್ನೇ. ಆ ದಿನದ ಘಟನೆಗಳನ್ನೆಲ್ಲ ಪಟ್ಟಿ ಮಾಡುವ ‘ಅಕ್ಟೋಬರ್ 4’ ಎಂಬ ನಮ್ಮದೇ ದಿನಪುಟ ಆಧಾರವಲ್ಲ. ಇಂಥ ದಿನಪುಟಗಳನ್ನು ಎತ್ತಿ ಹಾಕಿಕೊಳ್ಳುವ ‘ಇಂದಿನ ವಿಶೇಷ’ ತಾಣಗಳೂ ಆಧಾರವಲ್ಲ, ನಮ್ಮ ತಪ್ಪೇ ಊರೆಲ್ಲ ಸುತ್ತಿ ನಮಗೇ ಸಾಕ್ಷಿಯಾಗಿ ಬಂದು ನಿಂತಿರುತ್ತದೆ.

ಈಗ ನಿಮ್ಮ ಸಾಲುಗಳಿಗೆ ಬರೋಣ.

‘1582: ಜಗತ್ತು ಗ್ರೆಗೋರಿಯನ್ ಕ್ಯಾಲೆಂಡರನ್ನು ಅಳವಡಿಸಿಕೊಂಡಿತು’ ಎಂದು ಬರೆದಿದ್ದೀರಿ. ಘಟನೆ ಚಿನ್ನದಂಥದ್ದು, ವಾಕ್ಯ ತಪ್ಪು. ಆ ದಿನ ಹಳೆಯ ಜೂಲಿಯನ್ ಬಿಟ್ಟು ಈಗ ನಾವೆಲ್ಲ ಬಳಸುವ ಈ ಕ್ಯಾಲೆಂಡರಿಗೆ ಬದಲಾದದ್ದು ಸ್ಪೇನ್, ಪೋರ್ಚುಗಲ್, ಪೋಲೆಂಡ್ ಮತ್ತು ಇಟಲಿಯ ಬಹುಭಾಗ. ಫ್ರಾನ್ಸ್ ಅದೇ ವರ್ಷದ ಡಿಸೆಂಬರ್‌ವರೆಗೆ ಕಾಯಿತು, ಬ್ರಿಟನ್ 1752ರವರೆಗೆ, ರಷ್ಯಾ 1918ರವರೆಗೆ. ತಿದ್ದಿದ ಸಾಲು ಹೀಗಿದೆ: ‘1582: ಸ್ಪೇನ್, ಪೋರ್ಚುಗಲ್ ಮೊದಲಾದೆಡೆ ಜೂಲಿಯನ್ ಕ್ಯಾಲೆಂಡರ್ ಕೊನೆಗೊಂಡಿತು, ಗುರುವಾರ ಅಕ್ಟೋಬರ್ 4ರ ಮರುದಿನ ಶುಕ್ರವಾರ ಅಕ್ಟೋಬರ್ 15 ಆಯಿತು.’ ಈ ವಾಕ್ಯಕ್ಕೆ ವಿಶೇಷಣದ ಹಂಗೇ ಇಲ್ಲ, ಹತ್ತು ದಿನ ಮಾಯವಾದದ್ದೇ ಓದುಗರನ್ನು ಎಳೆಯುತ್ತದೆ. ಆವಿಲಾದ ಸಂತ ತೆರೇಸಾ ತೀರಿಕೊಂಡದ್ದೂ ಆ ರಾತ್ರಿಯೇ. ಆಕೆಯ ಹಬ್ಬ ಅಕ್ಟೋಬರ್ 15ಕ್ಕೆ ಬಿದ್ದದ್ದರ ಗುಟ್ಟು ಇಲ್ಲಿದೆ. ಇದನ್ನು ಸಾಲಿಗೆ ತುರುಕಬೇಡಿ, ಪುಟದೊಳಗೆ ಇದ್ದರೆ ಸಾಕು.

ಈ ಹತ್ತು ದಿನದ ಲೆಕ್ಕ ಅಂಕಣಕ್ಕೆ ಬರೆಯುವವರ ಬೆರಳ ತುದಿಯಲ್ಲಿರಬೇಕು. ಹಳೆಯ ಜೂಲಿಯನ್ ಮತ್ತು ಹೊಸ ಗ್ರೆಗೋರಿಯನ್ ನಡುವಿನ ಅಂತರ 1582ರಿಂದ 1700ರ ಫೆಬ್ರುವರಿವರೆಗೆ 10 ದಿನ, 18ನೇ ಶತಮಾನದಲ್ಲಿ 11, 19ರಲ್ಲಿ 12, 20 ಮತ್ತು 21ರಲ್ಲಿ 13. ನೀವು ಬರೆದ ‘1853: ಒಟ್ಟೊಮನ್ ಸಾಮ್ರಾಜ್ಯ ರಷ್ಯಾದ ಮೇಲೆ ಯುದ್ಧ ಘೋಷಿಸಿತು’ ಎಂಬ ಸಾಲಿಗೆ ಪುಸ್ತಕಗಳಲ್ಲಿ ಅಕ್ಟೋಬರ್ 4 ಎಂದೂ ಸಿಗುತ್ತದೆ, 16 ಎಂದೂ ಸಿಗುತ್ತದೆ. ನಡುವಿನ ಅಂತರ ಸರಿಯಾಗಿ 12 ದಿನ! 19ನೇ ಶತಮಾನದ ರಷ್ಯಾಕ್ಕೆ ಸೇರಿದ ಎರಡು ದಿನಾಂಕಗಳ ನಡುವೆ 12 ದಿನ ಕಂಡರೆ ಕಿವಿ ನಿಮಿರಬೇಕು. ಯಾವ ದಿನಾಂಕ ಯಾವ ಕ್ಯಾಲೆಂಡರಿನದು ಎಂದು ಪುಟವೇ ಹೇಳದಿದ್ದರೆ ನಾವು ಊಹಿಸಿ ಹಾಕುವುದಿಲ್ಲ. ಈ ಸಾಲನ್ನು ಸದ್ಯಕ್ಕೆ ಬಿಟ್ಟಿದ್ದೇವೆ.

ಚಿತ್ರಕಾರ ರೆಂಬ್ರಾಂಟ್ ಸಾಲು (1669, ನಿಧನ) ಹಾಗೇ ಉಳಿಯಿತು. ಅವನು ತೀರಿಕೊಂಡ ಆಮ್‌ಸ್ಟರ್‌ಡ್ಯಾಮ್ ಆ ಹೊತ್ತಿಗಾಗಲೇ ಹೊಸ ಕ್ಯಾಲೆಂಡರಿನಲ್ಲಿತ್ತು. ಅದೇ ದಿನ ಲಂಡನ್ನಿನಲ್ಲಿ ಸೆಪ್ಟೆಂಬರ್ 24. ವ್ಯಕ್ತಿ ಯಾವ ಊರಲ್ಲಿ ಸತ್ತ ಎಂದು ನೋಡದೆ ಹಳೆಯ ದಿನಾಂಕ ಮುಟ್ಟಬೇಡಿ ಎನ್ನುವುದು ಇದಕ್ಕೇ.

ಅಸ್ಸೀಸಿಯ ಸಂತ ಫ್ರಾನ್ಸಿಸ್ ಸಾಲನ್ನು ತೆಗೆದೆವು. ಅವನು 1226ರಲ್ಲಿ ತೀರಿಕೊಂಡದ್ದು ಅಕ್ಟೋಬರ್ 3ರ ಸಂಜೆ, ಹಬ್ಬ ಇರುವುದು 4ಕ್ಕೆ. ಹಬ್ಬದ ದಿನವನ್ನು ಸಾವಿನ ದಿನ ಎಂದುಕೊಳ್ಳುವ ಈ ತಪ್ಪು ಸಂತರ ವಿಷಯದಲ್ಲಿ ಮತ್ತೆ ಮತ್ತೆ ಬರುತ್ತದೆ. ಹಬ್ಬವಾಗಿ ಬೇಕಿದ್ದರೆ ಅಂಕಣದ ನೆತ್ತಿಯಲ್ಲಿ ‘ಆಚರಣೆಗಳು’ ಎಂಬ ಸಾಲಿದೆ, ಅಲ್ಲಿಗೆ ಹಾಕಿ.

ಓರಿಯಂಟ್ ಎಕ್ಸ್‌ಪ್ರೆಸ್ ಸಾಲನ್ನು ಬಿಡಿಸಿ ನೋಡೋಣ, ಇದರಲ್ಲಿ ಮೂರು ಕಾಯಿಲೆ ಒಟ್ಟಿಗೆ ಇವೆ. ನೀವು ಬರೆದದ್ದು: ‘1883: ವೈಭೋಗಕ್ಕೆ ಮತ್ತೊಂದು ಹೆಸರಾದ ವಿಶ್ವವಿಖ್ಯಾತ ಓರಿಯಂಟ್ ಎಕ್ಸ್‌ಪ್ರೆಸ್ ರೈಲು ಪ್ಯಾರಿಸ್‌ನಿಂದ ಇಸ್ತಾಂಬುಲ್‌ಗೆ ತನ್ನ ಮೊಟ್ಟಮೊದಲ ಪ್ರಯಾಣ ಬೆಳೆಸಿತು.’ ಮೊದಲನೆಯದಾಗಿ, ಆ ರೈಲು ಇಸ್ತಾಂಬುಲ್‌ಗೆ ಹೋಗಲೇ ಇಲ್ಲ. ಪ್ರಯಾಣಿಕರು ಡ್ಯಾನ್ಯೂಬ್ ದಡದ ಜುರ್ಜುದಲ್ಲಿ ಇಳಿದು, ದೋಣಿಯಲ್ಲಿ ನದಿ ದಾಟಿ, ರೂಸೆಯಲ್ಲಿ ಇನ್ನೊಂದು ರೈಲು ಹತ್ತಿ, ವಾರ್ನಾದಿಂದ ಹಡಗಿನಲ್ಲಿ ಹೋದರು. ನೇರ ರೈಲು ಬಂದದ್ದು 1889ರಲ್ಲಿ. ಎರಡನೆಯದು ‘ಮೊಟ್ಟಮೊದಲ’: ಅದೇ ವರ್ಷ ಜೂನ್ 5ಕ್ಕೇ ಒಂದು ರೈಲು ಪ್ಯಾರಿಸ್‌ನಿಂದ ವಿಯೆನ್ನಾಕ್ಕೆ ಹೊರಟಿತ್ತು, ಅಕ್ಟೋಬರ್ 4ರದ್ದು ವಿಧ್ಯುಕ್ತ ಉದ್ಘಾಟನೆ. ಮೂರನೆಯದು ಶುರುವಿನ ಆ ನಾಲ್ಕು ಪದಗಳ ಆರತಿ. ಅದನ್ನು ತೆಗೆದ ಮೇಲೆ ಉಳಿದದ್ದು: ‘1883: ಓರಿಯಂಟ್ ಎಕ್ಸ್‌ಪ್ರೆಸ್‌ನ ಉದ್ಘಾಟನಾ ಪ್ರಯಾಣ ಪ್ಯಾರಿಸ್‌ನಿಂದ ಆರಂಭವಾಯಿತು.’ ಬೋಳು ಅನ್ನಿಸಬಹುದು. ದೋಣಿ, ಹಡಗಿನ ಸೊಗಸೆಲ್ಲ ಪುಟದಲ್ಲಿದೆ, ಸಾಲಿನ ಕೆಲಸ ಅಲ್ಲಿಗೆ ಕರೆದೊಯ್ಯುವುದಷ್ಟೇ.

‘ಮೊದಲ’ ಎಂಬ ಪದ ನಿಮ್ಮ ಪಟ್ಟಿಯಲ್ಲಿ ಐದು ಸಲ ಬಂದಿದೆ. 1958ರ ಕಾಮೆಟ್ ವಿಮಾನದ ಸಾಲಿನಲ್ಲಿ ‘ಜಗತ್ತಿನ ಮೊದಲ ಜೆಟ್ ಪ್ರಯಾಣಿಕ ಸೇವೆ’ ಎಂದಿದ್ದೀರಿ. ಕಾಮೆಟ್ 1952ರ ಮೇ 2ರಂದೇ ಲಂಡನ್‌ನಿಂದ ಜೋಹಾನ್ಸ್‌ಬರ್ಗ್‌ಗೆ ಪ್ರಯಾಣಿಕರನ್ನು ಹೊತ್ತು ಹಾರಿತ್ತು. 1958ರ ಅಕ್ಟೋಬರ್ 4ರದ್ದು ಅಟ್ಲಾಂಟಿಕ್ ದಾಟಿದ ಮೊದಲ ಜೆಟ್ ಪ್ರಯಾಣಿಕ ಸೇವೆ. ‘ಮೊದಲ’ ಎಂದು ಬರೆದಾಗಲೆಲ್ಲ ‘ಯಾವುದರಲ್ಲಿ ಮೊದಲ?’ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರ ವಾಕ್ಯದೊಳಗಿಲ್ಲದಿದ್ದರೆ ಪದ ಹೊಡೆದುಹಾಕಿ. ಈ ಸಾಲು ತಿದ್ದಿದ ರೂಪದಲ್ಲಿ ಮೀಸಲು ಪಟ್ಟಿಯಲ್ಲಿದೆ.

ಬಾಹ್ಯಾಕಾಶದ್ದು ಮೂರು ಕಳಿಸಿದ್ದೀರಿ: 1957ರ ಸ್ಪುಟ್ನಿಕ್, 1959ರ ಲೂನಾ 3, 2004ರ ಖಾಸಗಿ ಬಾಹ್ಯಾಕಾಶ ನೌಕೆ ಸ್ಪೇಸ್‌ಶಿಪ್‌ವನ್. ಒಂದು ದಿನಕ್ಕೆ ಒಂದು ವಿಷಯದಿಂದ ಒಂದೇ. ಸ್ಪುಟ್ನಿಕ್ ಎಲ್ಲಕ್ಕಿಂತ ದೊಡ್ಡದು, ನಿಜ. ಆದರೆ 2027ಕ್ಕೆ ಅದಕ್ಕೆ 70 ತುಂಬುತ್ತದೆ, ಈ ವರ್ಷ ಹಾಕಿ ಮುಂದಿನ ವರ್ಷ ಮತ್ತೆ ಹಾಕಿದರೆ ಅಂಕಣ ತಂಗಳಾಗುತ್ತದೆ. ಲೂನಾ 3 ಹೆಸರಾದದ್ದು ಚಂದ್ರನ ಆಚೆ ಮಗ್ಗುಲಿನ ಚಿತ್ರ ತೆಗೆದದ್ದಕ್ಕೆ, ಅದು ನಡೆದದ್ದು ಅಕ್ಟೋಬರ್ 7ಕ್ಕೆ. ಉಡಾವಣೆಯ ದಿನಕ್ಕೆ ಜೋತು ಬೀಳದೆ ಅದನ್ನು 7ಕ್ಕೆ ಸಾಗಿಸಿದ್ದೇವೆ. ಹಾಗಾಗಿ 2004 ಉಳಿಯಿತು. ಅದನ್ನೂ ನೀವು ‘ಇಂದಿಗೆ ಸರಿಯಾಗಿ 22 ವರ್ಷಗಳ ಹಿಂದೆ’ ಎಂದು ಶುರುಮಾಡಿದ್ದೀರಿ. ಹಾಗೆ ಎಂದೂ ಬರೆಯಬೇಡಿ. ಸಾಲು ಕಡತದಲ್ಲಿ ಉಳಿದು ಮುಂದೆ ಇನ್ನೊಂದು ವರ್ಷ ಮರುಬಳಕೆಯಾಗುತ್ತದೆ, ಆಗ ಲೆಕ್ಕ ತಪ್ಪಿದ್ದನ್ನು ಯಾರೂ ಗಮನಿಸುವುದಿಲ್ಲ. ಈಗಿನ ರೂಪ: ‘2004: ಸ್ಪೇಸ್‌ಶಿಪ್‌ವನ್ ಎರಡು ವಾರದೊಳಗೆ ಎರಡನೇ ಬಾರಿ 100 ಕಿ.ಮೀ. ಎತ್ತರ ದಾಟಿ ಒಂದು ಕೋಟಿ ಡಾಲರ್‌ನ ಅನ್ಸಾರಿ ಎಕ್ಸ್ ಪ್ರೈಜ್ ಗೆದ್ದಿತು.’

ಸ್ಪುಟ್ನಿಕ್ ಬಗ್ಗೆ ಮುಂದಿನ ವರ್ಷಕ್ಕೆಂದು ಎರಡು ಮಾತು ಈಗಲೇ ಹೇಳಿಬಿಡುತ್ತೇವೆ. ಅದು ಹಾರಿದ್ದು ಜಾಗತಿಕ ಸಮಯದಲ್ಲಿ 4ರ ರಾತ್ರಿ 7 ಗಂಟೆ 28 ನಿಮಿಷಕ್ಕೆ, ಉಡಾವಣಾ ಸ್ಥಳದಲ್ಲಿ ಆಗಲೇ 5ನೇ ತಾರೀಖು. ‘ತಾರೀಖು ತಪ್ಪು’ ಎಂದು ಯಾರಾದರೂ ಚರ್ಚಾಪುಟದಲ್ಲಿ ಜಗಳ ತೆಗೆದೇ ತೆಗೆಯುತ್ತಾರೆ, ಉತ್ತರ ಸಿದ್ಧವಿರಲಿ. ಇನ್ನು ನೀವು ಲಗತ್ತಿಸಿದ ಚಿತ್ರ ಪ್ರತಿಕೃತಿಯದು. ಮೂಲ ಉಪಗ್ರಹ 1958ರ ಜನವರಿಯಲ್ಲೇ ವಾತಾವರಣಕ್ಕೆ ಮರಳಿ ಉರಿದುಹೋಯಿತು. ಸಾಲಿನಲ್ಲಿ ‘ಚಿತ್ರದಲ್ಲಿರುವುದು ಪ್ರತಿಕೃತಿ’ ಎಂದು ಹೇಳಲೇಬೇಕು.

ಚಿತ್ರದ ಮಾತು ಬಂದಿತಲ್ಲ. ದಿನಕ್ಕೆ ಒಂದೇ ಚಿತ್ರ, ಅದೂ ಹೆಬ್ಬೆಟ್ಟಿನಗಲ ಕಾಣುವಂಥದ್ದು. ನೀವು ರೆಂಬ್ರಾಂಟನ ಇಡೀ ಸ್ವಚಿತ್ರವನ್ನು ಕಳಿಸಿದ್ದೀರಿ. ಹಕ್ಕಿನ ತೊಡಕಿಲ್ಲ, ಆದರೆ ಅವನ ಕಪ್ಪು ಹಿನ್ನೆಲೆ ಆ ಅಳತೆಯಲ್ಲಿ ಮಸಿ ಕಲೆಯಾಗುತ್ತದೆ. ಟೋಪಿಯಿಂದ ಕೊರಳಿನವರೆಗೆ ಮಾತ್ರ ಕತ್ತರಿಸಿ, ಮುಖ ಚೌಕಟ್ಟಿನ ಮುಕ್ಕಾಲು ಭಾಗ ತುಂಬಲಿ. ಕತ್ತರಿಸಿದ್ದನ್ನು ಫೋನಿನಲ್ಲಿ ಕೈಚಾಚಿ ಹಿಡಿದು ನೋಡಿ. ಯಾರೆಂದು ತಿಳಿಯದಿದ್ದರೆ ಬೇರೆ ಚಿತ್ರ ಹುಡುಕಿ.

ಭೌತವಿಜ್ಞಾನಿ ಪ್ಲಾಂಕ್ (1947, ನಿಧನ) ಬೇಡವೆಂದದ್ದು ಅವನು ಸಣ್ಣವನೆಂದಲ್ಲ. ಕ್ವಾಂಟಂ ಕಲ್ಪನೆಯನ್ನು ಅವನು ಬರ್ಲಿನ್‌ನಲ್ಲಿ ಮಂಡಿಸಿದ್ದು 1900ರ ಡಿಸೆಂಬರ್ 14ರಂದು. ವ್ಯಕ್ತಿಯ ಕೆಲಸಕ್ಕೇ ಒಂದು ತಾರೀಖು ಇದ್ದರೆ ಹುಟ್ಟು ಸಾವುಗಳಿಗಿಂತ ಅದು ಮೇಲು. ಮೂಕಿ ಚಿತ್ರಗಳ ನಟ ಬಸ್ಟರ್ ಕೀಟನ್ (1895, ಜನನ) ಇರಲಿ. ಗಾಯಕಿ ಜ್ಯಾನಿಸ್ ಜಾಪ್ಲಿನ್ (ನಿಧನ) ಮುಂದಿನ ವರ್ಷಕ್ಕೆ.

ಈಗ ಇಡೀ ಪಟ್ಟಿಯನ್ನು ದೂರದಿಂದ ನೋಡಿ. 13ರಲ್ಲಿ ನಾಲ್ಕು ನಿಧನ, ಒಂದು ಯುದ್ಧ, ಒಂದು ವಿಮಾನ ದುರಂತ, ಸೂತಕದ ಮನೆಗೆ ಕಾಲಿಟ್ಟಂತಿದೆ. ಇನ್ನು ಭೂಪಟ ಹರಡಿ ಒಂದೊಂದು ಸಾಲಿಗೆ ಒಂದೊಂದು ಗುಂಡುಸೂಜಿ ಚುಚ್ಚಿ ನೋಡಿ: ಎಲ್ಲವೂ ಯುರೋಪ್, ರಷ್ಯಾ, ಅಮೆರಿಕ. ನೀವು ಬೇಕೆಂದೇ ಮಾಡಿದ್ದಲ್ಲ, ದಿನಪುಟದಲ್ಲಿ ಸಿಕ್ಕಿದ್ದನ್ನು ಹೆಕ್ಕಿದರೆ ಹೀಗೇ ಆಗುತ್ತದೆ. ದಿನಪುಟ ಬರೆದವರ ಓದು ಎಲ್ಲಿ ವಾಲಿದೆಯೋ ಪಟ್ಟಿಯೂ ಅಲ್ಲೇ ವಾಲುತ್ತದೆ. ಅದಕ್ಕೆ ಇನ್ನೊಂದು ತುದಿಯಿಂದ ಹುಡುಕಿ. ದೇಶಗಳು ಸ್ವತಂತ್ರವಾದ ದಿನಗಳ ಪಟ್ಟಿ, ಶಾಂತಿ ಒಪ್ಪಂದಗಳ ಪಟ್ಟಿ, ಸಂವಿಧಾನಗಳು ಜಾರಿಗೆ ಬಂದ ದಿನಗಳು. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಆಫ್ರಿಕಾ ಒಂದರಲ್ಲೇ ಬೋಟ್ಸ್‌ವಾನಾ, ನೈಜೀರಿಯಾ, ಲೆಸೊಥೊ, ಉಗಾಂಡಾ, ಜಾಂಬಿಯಾ ಸಾಲಾಗಿ ನಿಂತಿವೆ. ಲೆಸೊಥೊ ಸ್ವತಂತ್ರವಾದದ್ದು 1966ರ ಅಕ್ಟೋಬರ್ 4ಕ್ಕೆ, ಅಂದರೆ 2026ಕ್ಕೆ 60 ತುಂಬುತ್ತದೆ. ಹೀಗೆ ಹತ್ತರ ಲೆಕ್ಕದಲ್ಲಿ ತುಂಬುವ ಸುತ್ತು ವರ್ಷ ನಿಮ್ಮ 13ರಲ್ಲಿ ಇದ್ದದ್ದು ಫ್ರಾನ್ಸಿಸ್ ಸಾಲಿಗೆ ಮಾತ್ರ, ಅದರ ತಾರೀಖೇ ತಪ್ಪಿತ್ತು. ‘1966: ಬಸುಟೋಲ್ಯಾಂಡ್ ಬ್ರಿಟನ್‌ನಿಂದ ಸ್ವಾತಂತ್ರ್ಯ ಪಡೆದು ಲೆಸೊಥೊ ಆಯಿತು’ ಎಂಬುದನ್ನು ನಾವು ಸೇರಿಸಿದ್ದೇವೆ.

1992ರ ಆಮ್‌ಸ್ಟರ್‌ಡ್ಯಾಮ್ ವಿಮಾನ ದುರಂತದಲ್ಲಿ 43 ಜನ ಸತ್ತರು. ಅದೇ ದಿನ ರೋಮ್‌ನಲ್ಲಿ ಸಹಿಯಾದ ಒಪ್ಪಂದ ಮೊಜಾಂಬಿಕ್‌ನ ಅಂತರ್ಯುದ್ಧವನ್ನು ಕೊನೆಗಾಣಿಸಿತು. ಒಂದೇ ವರ್ಷದ ಎರಡು ಸಾಲು ಅಕ್ಕಪಕ್ಕ ಹಾಕುವುದಿಲ್ಲ, ನಾವು ಒಪ್ಪಂದವನ್ನು ಆರಿಸಿದೆವು. ದುರಂತದ ಪುಟವೂ ಚೆನ್ನಾಗಿದೆ, ಇನ್ನೊಂದು ವರ್ಷ ಅದರ ಸರದಿ.

ಸುತ್ತು ವರ್ಷದ ಬಗ್ಗೆ ಒಂದು ಎಚ್ಚರಿಕೆ. ಕ್ರಿಸ್ತಪೂರ್ವದ ಲೆಕ್ಕದಲ್ಲಿ ಸೊನ್ನೆಯ ವರ್ಷ ಇಲ್ಲ. ಕವಿ ವರ್ಜಿಲ್ ಹುಟ್ಟಿದ್ದು ಕ್ರಿ.ಪೂ. 70ರಲ್ಲಿ, 2000 ವರ್ಷ ತುಂಬಬೇಕಾದದ್ದು 1931ಕ್ಕೆ. ಲೋಕ 1930ಕ್ಕೇ ಆಚರಿಸಿ ಮುಗಿಸಿತ್ತು. ಕೂಡಿಸಿ ಒಂದು ಕಳೆಯಿರಿ, ಅಷ್ಟೇ. ಮಾತಿನಲ್ಲೂ ಜಾಗ್ರತೆ: ವಿಮಾನ ದುರಂತಕ್ಕೆ ನೀವು ‘ವಾರ್ಷಿಕೋತ್ಸವ’ ಎಂದು ಬರೆದಿದ್ದೀರಿ. ಉತ್ಸವ ಎಲ್ಲಿಂದ ಬಂತು? ‘ವರ್ಷ ತುಂಬಿತು’ ಅನ್ನಿ, ಇಲ್ಲವೇ ಏನೂ ಅನ್ನಬೇಡಿ.

ಕೊನೆಯ ಹಂತದ್ದು ಚಿಕ್ಕದು. ಸಾಲುಗಳು ಪ್ರಕಟವಾಗುವ ಎರಡು ದಿನ ಮೊದಲು ಪ್ರತಿ ಪುಟವನ್ನೂ ಮತ್ತೆ ತೆರೆದು ನೋಡಬೇಕು. ಯಾರೋ ಆಧಾರ ಅಳಿಸಿರಬಹುದು, ಹೊಸ ಎಚ್ಚರಿಕೆ ಪಟ್ಟಿ ಅಂಟಿಸಿರಬಹುದು, ಅದೇ ಪುಟ ಅಂದಿನ ‘ವಿಶೇಷ ಲೇಖನ’ವಾಗಿಯೂ ಆಯ್ಕೆಯಾಗಿರಬಹುದು. ಹಾಗಾದರೆ ಮೀಸಲಿನಿಂದ ಒಂದನ್ನು ಎತ್ತಿ ಹಾಕುತ್ತೇವೆ. ನೀವೇ ಬರೆದ ಪುಟವಾದರೆ ಕಳಿಸಬಹುದು, ಆದರೆ ಹಾಗೆಂದು ಮೊದಲೇ ತಿಳಿಸಿ. ನೋಡುವವರು ಬೇರೆಯವರಿರಬೇಕು.

ಮುಂದಿನ ಸರದಿಗೆ ಡಿಸೆಂಬರ್ 14 ತೆಗೆದುಕೊಳ್ಳಿ. ಏಳೇ ಸಾಲು, ಮೀಸಲಿಗೆ ಮೂರು, ಒಂದೊಂದೂ 20 ಪದದೊಳಗೆ, ಪ್ರತಿ ಸಾಲಿನ ಕೆಳಗೆ ಪುಟದಲ್ಲಿ ದಿನಾಂಕ ಇರುವ ವಾಕ್ಯವನ್ನು ಹಾಗೇ ಎತ್ತಿ ಬರೆದಿರಿ. ಪ್ಲಾಂಕ್ ಅಲ್ಲಿದ್ದಾನೆ. 1911ರಲ್ಲಿ ಅಮುಂಡ್ಸೆನ್ ದಕ್ಷಿಣ ಧ್ರುವ ಮುಟ್ಟಿದ್ದೂ ಅಂದೇ, ಆದರೆ ಕೆಲವು ಕಡೆ 15 ಎಂದು ಕಾಣುತ್ತದೆ. ಯಾಕೆಂದು ಪುಟ ಹೇಳುತ್ತದೆಯೇ ನೋಡಿ, ಹೇಳದಿದ್ದರೆ ಸಾಲು ಕಳಿಸುವ ಮೊದಲು ಪುಟ ತಿದ್ದಿ.