ಗಿರೀಶ್ ಕಾಸರವಳ್ಳಿಯವರ ಕಥನಶೈಲಿಯ ವಿಶೇಷವೇನು? ಯಾವ ಚಿತ್ರದಿಂದ ನೋಡಲು ಶುರು ಮಾಡಬೇಕು?

'ಗುಲಾಬಿ ಟಾಕೀಸ್' (2008) ಚಿತ್ರದಿಂದ ಶುರು ಮಾಡಿ. ಸಾಧ್ಯವಾದರೆ ಮೊದಲು ವೈದೇಹಿಯವರ ಮೂಲ ಕಥೆ ಓದಿಕೊಳ್ಳಿ, ಏಕೆಂದರೆ ಕಾಸರವಳ್ಳಿಯವರ ಕಸುಬು ಕಾಣುವುದು ಅವರು ಮಾಡಿಕೊಂಡ ಬದಲಾವಣೆಗಳಲ್ಲಿ. ಕಥೆಯಲ್ಲಿ ಊರಿಗೆ ಬರುವುದು ಟಾಕೀಸು. ಚಿತ್ರದಲ್ಲಿ ಅದು ಸೂಲಗಿತ್ತಿ ಗುಲಾಬಿಯ ಮನೆಗೆ ಬರುವ ಟಿವಿ, ಡಿಶ್ ಆಂಟೆನಾ. ಕಾಲ ಕಾರ್ಗಿಲ್ ಯುದ್ಧದ 1999. ಟಿವಿ ನೋಡಲು ಕೇರಿಯ ಹೆಂಗಸರು ಅವಳ ಮನೆಯಲ್ಲಿ ಸೇರುತ್ತಾರೆ. ಅತ್ತ ಮೀನುಗಾರಿಕೆಯ ಪೈಪೋಟಿಗೆ ಯುದ್ಧದ ಸುದ್ದಿಯೂ ಬೆರೆತು ಅದೇ ಕೇರಿ ಒಡೆಯುತ್ತದೆ. ಯಾರೂ ಭಾಷಣ ಮಾಡುವುದಿಲ್ಲ. ಗುಲಾಬಿಯಾಗಿ ನಟಿಸಿದ ಉಮಾಶ್ರೀಯವರ ಮುಖವೇ ಸಾಕು. ಆ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿ ಬಂತು.

'ಘಟಶ್ರಾದ್ಧ'ದಲ್ಲಿ (1977) ವಿಧವೆ ಯಮುನಕ್ಕನ ದುರಂತವನ್ನು ನಾವು ಕಾಣುವುದು ಬಾಲಕ ನಾಣಿಯ ಕಣ್ಣಿನಿಂದ. ಅವನಿಗೆ ಅರ್ಥವಾಗದ್ದು ನಮಗೆ ಅರ್ಥವಾಗುತ್ತದೆ, ಸಂಕಟ ಹುಟ್ಟುವುದೇ ಅಲ್ಲಿ. 'ತಬರನ ಕಥೆ'ಯಲ್ಲಿ ಖಳನನ್ನು ಹುಡುಕಿದರೆ ನಿರಾಸೆಯಾದೀತು: ಪಿಂಚಣಿಗಾಗಿ ಅಲೆಯುವ ತಬರನನ್ನು ಸೋಲಿಸುವುದು ಒಬ್ಬ ವ್ಯಕ್ತಿಯಲ್ಲ, ಇಡೀ ಕಚೇರಿ ವ್ಯವಸ್ಥೆ. ಈ ಎರಡಕ್ಕೂ, ಮುಂದೆ 'ತಾಯಿ ಸಾಹೇಬ', 'ದ್ವೀಪ'ಗಳಿಗೂ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿಯಾದ ಸ್ವರ್ಣಕಮಲ ಸಂದಿದೆ.

ಹೊಸಬರು ಎಡವುವುದು ಸಾಮಾನ್ಯವಾಗಿ ವೇಗದ ವಿಷಯದಲ್ಲಿ. ಕಥೆ ಮುಂದೆ ಸಾಗುತ್ತಿಲ್ಲ ಎಂದು ಓಡಿಸಿಕೊಂಡು ನೋಡಬೇಡಿ. 'ದ್ವೀಪ'ದಲ್ಲಿ ಸುರಿಯುವ ಮಳೆ, ಏರುವ ನೀರು ಬರೀ ಹಿನ್ನೆಲೆಯಲ್ಲ. ಮುಳುಗಡೆಯ ನೆಲದಲ್ಲಿ ಮನೆ ಉಳಿಸಿಕೊಳ್ಳಲು ನಾಗಿ ಸೆಣಸುವುದು ಅದರೊಂದಿಗೇ.