ಜೋಡುನಳಿಗೆ ಕೋವಿಯ ರಿಪೇರಿ ಕುರಿತು

ನಮಸ್ಕಾರ. ತಂದೆಯವರಿಂದ ನಿಮ್ಮ ಲೈಸೆನ್ಸಿಗೆ ಬಂದಿರುವ 12 ಬೋರಿನ ಜೋಡುನಳಿಗೆ ಕೋವಿಯ ಎಡನಳಿಗೆ ಹಾರುತ್ತಿಲ್ಲ, ಅದನ್ನು ತೋಟದ ರೈಟರ (ಲೆಕ್ಕಪತ್ರ ನೋಡುವವರ) ಕೈಯಲ್ಲಿ ರಿಪೇರಿಗೆ ಕಳುಹಿಸಬಹುದೇ ಎಂದು ಕೇಳಿದ್ದೀರಿ.

ಕಳುಹಿಸಬಹುದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಕಲಮು, ಲೈಸೆನ್ಸುದಾರರ ಸಮ್ಮುಖದಲ್ಲಿ ಅಥವಾ ಅವರ ಲಿಖಿತ ಅಧಿಕಾರ ಪತ್ರದೊಂದಿಗೆ ಬೇರೊಬ್ಬರು ರಿಪೇರಿಗಾಗಿ ಕೋವಿಯನ್ನು ಒಯ್ಯಲು ಅವಕಾಶ ಕೊಡುತ್ತದೆ. ಆದರೂ ನೀವೇ ಜೊತೆಗೆ ಹೋಗುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ದಾರಿಯಲ್ಲಿ ಯಾರಾದರೂ ತಡೆದು ಕೇಳಿದರೆ ಉತ್ತರಿಸಬೇಕಾದ ಸಂಕಟ ಆ ರೈಟರಿಗೆ ಬರಬಾರದು. ಅದೇ ಕಾಯ್ದೆಯ 5ನೇ ಕಲಮಿನಂತೆ ರಿಪೇರಿ ಮಾಡುವವರಿಗೂ ಲೈಸೆನ್ಸ್ ಬೇಕು. ಆದ್ದರಿಂದ ಊರಿನ ಕಮ್ಮಾರರ ಬಳಿ ದಯವಿಟ್ಟು ಕೊಡಬೇಡಿ. ಕೋವಿಯ ನಂಬರನ್ನು ಬರೆದ ರಸೀದಿ ಪಡೆಯದೆ ಅಂಗಡಿಯಿಂದ ಹೊರಡಬೇಡಿ.

ಹೊರಡುವ ಮುನ್ನ ಕೋವಿಯನ್ನು ಮಡಚಿ, ಎರಡೂ ನಳಿಗೆಗಳು ಖಾಲಿಯಿರುವುದನ್ನು ಕಣ್ಣಾರೆ ನೋಡಿ. ತೋಟಾಗಳನ್ನು ಮನೆಯಲ್ಲೇ ಬಿಡಿ. ಹಾರದೆ ಉಳಿದ ತೋಟಾದ ಹಿಂಬದಿಯ ಗುರುತು ಹೇಗಿತ್ತೆಂಬುದನ್ನು ಮಾತ್ರ ಬರೆದುಕೊಂಡು ಹೋಗಿ, ಏಕೆಂದರೆ ಗುರುತು ತೀರಾ ತೆಳುವಾಗಿದ್ದರೆ ಫೈರಿಂಗ್ ಪಿನ್ (ತೋಟಾದ ಹಿಂಬದಿಗೆ ಬಡಿದು ಗುರುತು ಮೂಡಿಸುವ ಮೊಳೆ) ಸವೆದಿರಬಹುದು, ಸ್ಪ್ರಿಂಗ್ ಸೋತಿರಬಹುದು, ಇಲ್ಲವೇ ವರ್ಷಗಟ್ಟಲೆ ಒಳಗೆ ಉಳಿದ ಎಣ್ಣೆ ಅಂಟಿನಂತೆ ಗಟ್ಟಿಯಾಗಿರಬಹುದು.

ಕೋವಿ ಬಹಳ ಹಳೆಯದಾದರೆ ನಳಿಗೆಗಳನ್ನೂ ಪರೀಕ್ಷಿಸಲು ಹೇಳಿ. ಕರಿಮದ್ದಿಗೆಂದು (ಹಳೆಯ ಕಾಲದ ಕಪ್ಪು ಸಿಡಿಮದ್ದಿಗೆಂದು) ಮಾಡಿದ ನಳಿಗೆಯಲ್ಲಿ ಈಗಿನ ತೋಟಾ ಹಾರಿಸುವುದು ಪ್ರಾಣಾಪಾಯ.