ಜರ್ಮನ್ ಕುಟುಂಬದ ಕಾದಂಬರಿ: ಕಥೆಯನ್ನು ಬರ್ಲಿನ್‌ನಿಂದ ಸ್ಟ್ರಾಸ್‌ಬರ್ಗ್‌ಗೆ ತನ್ನಿ ಮೇಡಂ

ಮೇಡಂ, ನೀವು ಗುಂಪಿನಲ್ಲಿ ಹಾಕಿದ ಮೂರು ಅಧ್ಯಾಯಗಳನ್ನು ನಿನ್ನೆ ರಾತ್ರಿ ಕೂತು ಪೂರ್ತಿ ಓದಿದೆ. ಬರ್ಲಿನ್‌ನ ಒಂದು ಮನೆ, ಅಪ್ಪ ಅಮ್ಮ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. 1914ರಿಂದ 1955ರವರೆಗೆ ಕಥೆ. ಮೊದಲ ಯುದ್ಧ ಮುಗಿದ ಮೇಲೆ ಅಣ್ಣ ಹಿಟ್ಲರ್ ಕಡೆ ಹೋಗ್ತಾನೆ, ತಮ್ಮ ಕಮ್ಯುನಿಸ್ಟ್ ಆಗ್ತಾನೆ, ಇಬ್ಬರೂ ಊಟದ ಮೇಜಿನಲ್ಲಿ ಜಗಳ ಆಡ್ತಾರೆ. "ಈ ಒಡಕು ಯಾಕೋ ನಾಟಕದ ಹಾಗೆ ಅನಿಸ್ತಿದೆ, ಏನು ಮಾಡಲಿ, ಇತಿಹಾಸದ ತಪ್ಪು ಇದ್ದರೂ ಹೇಳಿ" ಅಂತ ಕೇಳಿದ್ದೀರಿ.

ನಾನು ಕೆಲಸದ ಮೇಲೆ ಆರು ವರ್ಷ ಕಾರ್ಲ್ಸ್‌ರೂಹೆಯಲ್ಲಿದ್ದೆ. ರೈನ್ ನದಿ ದಾಟಿ ಸ್ಟ್ರಾಸ್‌ಬರ್ಗ್‌ಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಲ್ಲ. ಅದಕ್ಕೇ ಧೈರ್ಯ ಮಾಡಿ ಹೇಳ್ತಿದ್ದೇನೆ, ನಿಮ್ಮ ಕುಟುಂಬವನ್ನು ಬರ್ಲಿನ್‌ನಿಂದ ಎಬ್ಬಿಸಿ ಫ್ರಾನ್ಸ್ ಜರ್ಮನಿ ಗಡಿಯಲ್ಲಿರುವ ಅಲ್ಸಾಸ್ ಸೀಮೆಯ ಸ್ಟ್ರಾಸ್‌ಬರ್ಗ್‌ನಲ್ಲಿ ಇಡಿ. ಅಲ್ಲಿ ಅಣ್ಣತಮ್ಮಂದಿರು ವಾದ ಮಾಡಿ ದೂರ ಆಗಬೇಕಾಗಿಲ್ಲ. ಅಲ್ಲಿ ಮನೆ ಒಡೆದದ್ದು ಒಂದು ಗುರುತಿನ ಚೀಟಿಯಿಂದ.

ಆ ಸೀಮೆ 1871ರವರೆಗೆ ಫ್ರಾನ್ಸಿನದು. ಆಮೇಲೆ ಜರ್ಮನಿ ತೆಗೆದುಕೊಂಡಿತು. ಆಗ ರೈನ್ ಆಚೆಯ ಜರ್ಮನ್ ಸೀಮೆ ಬಾಡೆನ್ ಕಡೆಯಿಂದ, ಪ್ರಷ್ಯಾ ಕಡೆಯಿಂದ ಬೇಕಾದಷ್ಟು ಜನ ಕೆಲಸಕ್ಕೆ ಬಂದರು. ರೈಲ್ವೆ, ಅಂಚೆ, ಶಾಲೆ, ಕಚೇರಿ. ಬಂದವರು ಅಲ್ಲಿಯ ಹೆಣ್ಣುಮಕ್ಕಳನ್ನು ಮದುವೆಯಾದರು. ನಿಮ್ಮ ಕಥೆಯ ಅಪ್ಪ ಹೀಗೆ ಬಾಡೆನ್‌ನಿಂದ ಬಂದ ರೈಲ್ವೆ ಗುಮಾಸ್ತ ಅಂತಿಟ್ಟುಕೊಳ್ಳಿ, ಅಮ್ಮ ಸ್ಥಳೀಯಳು. ಮೂರು ಮಕ್ಕಳೂ ಅಲ್ಲೇ ಹುಟ್ಟಿದವರು. 1918ರ ನವೆಂಬರ್ 22ಕ್ಕೆ ಫ್ರೆಂಚ್ ಸೈನ್ಯ ಸ್ಟ್ರಾಸ್‌ಬರ್ಗ್‌ಗೆ ಬರುತ್ತದೆ. ಡಿಸೆಂಬರ್‌ನಲ್ಲಿ ಎಲ್ಲರಿಗೂ ಗುರುತಿನ ಕಾರ್ಡ್ ಕೊಡಲು ಶುರು ಮಾಡ್ತಾರೆ. ಅಪ್ಪ ಅಮ್ಮ ಇಬ್ಬರ ಕಡೆಯೂ ಹಳೆಯ ಅಲ್ಸಾಸ್ ಮೂಲದವರಾದರೆ ಎ ಕಾರ್ಡ್. ಇಬ್ಬರಲ್ಲಿ ಒಬ್ಬರು ಮಾತ್ರ ಹಾಗಿದ್ದರೆ ಬಿ. ಫ್ರಾನ್ಸಿನ ಮಿತ್ರದೇಶ ಅಥವಾ ತಟಸ್ಥ ದೇಶದ ಮೂಲದವರಿಗೆ ಸಿ. ಜರ್ಮನ್ ಮೂಲದವರಿಗೆ ಡಿ, ಅವರು ಅಲ್ಲೇ ಹುಟ್ಟಿ ಬೆಳೆದಿದ್ದರೂ ಸರಿ. ಅಂದರೆ ನಿಮ್ಮ ಮನೆಯಲ್ಲಿ ಅಪ್ಪ ಡಿ, ಅಮ್ಮ ಎ, ಮಕ್ಕಳು ಮೂವರೂ ಬಿ. ಒಂದೇ ಮೇಜು, ಒಂದೇ ಪಾತ್ರೆಯ ಸೂಪು, ಮೂರು ತರಹದ ಕಾರ್ಡು.

ಇದು ಬರೀ ಅಕ್ಷರದ ವಿಷಯ ಅಲ್ಲ. ಎ ಕಾರ್ಡ್ ಇದ್ದವರು ತಮ್ಮ ಮಾರ್ಕ್ ಹಣವನ್ನು ಒಂದಕ್ಕೆ 1.25 ಫ್ರಾಂಕ್‌ನಂತೆ ಬದಲಾಯಿಸಿಕೊಳ್ಳಬಹುದಿತ್ತು. ಡಿ ಕಾರ್ಡಿನವರಿಗೆ ಸಿಕ್ಕಿದ್ದು ಅದಕ್ಕಿಂತ ತುಂಬಾ ಕಡಿಮೆ. ಓಡಾಟಕ್ಕೆ, ಕೆಲಸಕ್ಕೆ, ಮತ ಹಾಕೋಕೆ ಎಲ್ಲಕ್ಕೂ ಕಾರ್ಡ್ ನೋಡ್ತಿದ್ದರು. ಡಿ ಕಾರ್ಡಿನವರನ್ನು ಮನೆಮಠ ಬಿಡಿಸಿ, ಕೈಯಲ್ಲಿ ಹೊರುವಷ್ಟು ಸಾಮಾನು ಮಾತ್ರ ಕೊಟ್ಟು ರೈನ್ ಸೇತುವೆ ದಾಟಿಸಿದರು. ಲಕ್ಷಕ್ಕೂ ಜಾಸ್ತಿ ಜನ ಹೀಗೆ ಹೋದರು, ಕೆಲವರು ಹೊರಹಾಕಿಸಿಕೊಂಡು, ಕೆಲವರು ಇರೋಕಾಗದೆ ತಾವಾಗಿಯೇ. ಅಪ್ಪ ಹೊರಟಾಗ ಅಮ್ಮ ಯಾರ ಜೊತೆ ಹೋಗಬೇಕು? ಗಂಡನ ಜೊತೆಯೋ, ಕೆಲಸದಲ್ಲಿರುವ ದೊಡ್ಡ ಮಗನ ಜೊತೆಯೋ? ನಿಮ್ಮ ಕಥೆ ಇಲ್ಲಿಂದ ತಾನಾಗಿಯೇ ನಡೆಯುತ್ತದೆ, ನೀವು ತಳ್ಳಬೇಕಾಗಿಲ್ಲ.

ಇನ್ನೊಂದು ಮಾತು, ಇದು ನನಗೆ ತುಂಬಾ ಮುಖ್ಯ ಅನಿಸಿದ್ದು. ನೀವು ಎಲ್ಲರನ್ನೂ "ಅಂಕಲ್" ಅಂತ ಬರೆದಿದ್ದೀರಿ. ದಯವಿಟ್ಟು ಬೇಡ. ಜರ್ಮನ್‌ನಲ್ಲಿ ಎಲ್ಲರಿಗೂ ಒಂದೇ ಪದ, ನಿಜ. ಆದರೆ ನೀವು ಬರೀತಿರೋದು ಕನ್ನಡದಲ್ಲಿ. ಸೋದರಮಾವ ಅಂದ ಕೂಡಲೇ ಅಮ್ಮನ ಕಡೆ, ಎ ಕಾರ್ಡ್, ಉಳಿಯುವವನು. ಚಿಕ್ಕಪ್ಪ ಅಂದ ಕೂಡಲೇ ಅಪ್ಪನ ಕಡೆ, ಡಿ ಕಾರ್ಡ್, ಹೊರಡುವವನು. ಬೇರೆ ಭಾಷೆಯವರು ಒಂದು ಪುಟ ವಿವರಿಸಬೇಕಾದದ್ದು ನಮಗೆ ಒಂದೇ ಪದದಲ್ಲಿ ಬರುತ್ತೆ. ಹಾಗೇ ಅವರ "ದು" ಮತ್ತು "ಜೀ" ನಮ್ಮ ನೀನು, ನೀವು ಇದ್ದ ಹಾಗೆ. ಅಪ್ಪನ ಜೊತೆ ನದಿಯ ಆಚೆ ಹೋದ ತಂಗಿಗೆ ಅಣ್ಣ ಇಪ್ಪತ್ತು ವರ್ಷದ ಮೇಲೆ ಕಾಗದ ಬರೆಯುವಾಗ ಒಂದು ಕಡೆ "ನೀವು" ಅಂತ ಬಂದುಬಿಟ್ಟರೆ ಸಾಕು. ಬೇರೆ ಏನೂ ಹೇಳಬೇಡಿ ಅಲ್ಲಿ.

ಈಗ ತಪ್ಪುಗಳು. ಬೇಜಾರು ಮಾಡಿಕೊಳ್ಳಬೇಡಿ, ಕೇಳಿದ್ದಕ್ಕೆ ಹೇಳ್ತಿದ್ದೇನೆ.

1914ರ ಆಗಸ್ಟ್‌ನಲ್ಲಿ ಅಣ್ಣ ಉಕ್ಕಿನ ಹೆಲ್ಮೆಟ್ ಹಾಕಿಕೊಂಡು ರೈಲು ಹತ್ತುತ್ತಾನೆ. ಆ ಹೆಲ್ಮೆಟ್ ಬಂದದ್ದು 1916ರಲ್ಲಿ. ಅವನ ತಲೆ ಮೇಲೆ ಇರಬೇಕಾದದ್ದು ಚರ್ಮದ, ಮೇಲೆ ಮೊಳೆಯಂತೆ ಚೂಪಿರುವ ಟೋಪಿ. ಯುದ್ಧದ ಸುದ್ದಿಯನ್ನು ಮನೆಯವರು ರೇಡಿಯೋದಲ್ಲಿ ಕೇಳ್ತಾರೆ. ಜರ್ಮನಿಯಲ್ಲಿ ಜನರಿಗೆ ರೇಡಿಯೋ ಪ್ರಸಾರ ಶುರುವಾದದ್ದು 1923ರ ಅಕ್ಟೋಬರ್‌ನಲ್ಲಿ. ಗೋಡೆಗೆ ಅಂಟಿಸಿದ ಪ್ರಕಟಣೆ ಓದಿಸಿ, ಚರ್ಚಿನ ಗಂಟೆ ಬಾರಿಸಿ. ಇನ್ನು ಸ್ಟ್ರಾಸ್‌ಬರ್ಗ್‌ಗೆ ಕಥೆ ತಂದರೆ ಅಣ್ಣನನ್ನು ಫ್ರಾನ್ಸ್ ಕಡೆ ಕಳಿಸುವುದಕ್ಕಿಂತ ರಷ್ಯಾ ಕಡೆ ಕಳಿಸುವುದು ಒಳ್ಳೆಯದು. ಅಲ್ಸಾಸ್ ಹುಡುಗರ ಮೇಲೆ ಜರ್ಮನ್ ಸೇನೆಗೆ ನಂಬಿಕೆ ಇರಲಿಲ್ಲ, ಅದಕ್ಕೆ ಅವರಲ್ಲಿ ಬಹಳ ಜನರನ್ನು ಪೂರ್ವಕ್ಕೆ ಹಾಕಿದರು.

ಮೂರನೇ ಅಧ್ಯಾಯದ ಹಸಿವಿನ ಭಾಗ ಚೆನ್ನಾಗಿದೆ, ಆದರೆ ಅಮ್ಮ "ನವಿಲುಕೋಸಿನ ಸೂಪು" ಮಾಡ್ತಾಳೆ ಅಂತ ಬರೆದಿದ್ದೀರಿ. ಯಾಕೆ ಹೀಗಾಯ್ತು ಅಂತ ನನಗೆ ಗೊತ್ತು, ಕೋಲ್‌ರಾಬಿ ಮತ್ತು ಕೋಲ್‌ರೂಬೆ ಎರಡೂ ಒಂದೇ ತರಹ ಕೇಳಿಸುತ್ತೆ. ನವಿಲುಕೋಸು ಅಂದರೆ ಕೋಲ್‌ರಾಬಿ, ನೆಲದ ಮೇಲೆ ದಪ್ಪಗಾಗುವ ಕಾಂಡ, ಎಳೆಯದು, ರುಚಿ. 1916-17ರ ಚಳಿಗಾಲದಲ್ಲಿ ಜನ ತಿಂದದ್ದು ಕೋಲ್‌ರೂಬೆ. ಮಣ್ಣಿನಲ್ಲಿ ಅರ್ಧ ಹೂತಿರುವ, ತಲೆಯಷ್ಟು ದಪ್ಪದ, ಒಳಗೆ ಹಳದಿ ಬಣ್ಣದ ಒರಟು ಗಡ್ಡೆ. ಹೆಚ್ಚಾಗಿ ದನ ಹಂದಿಗೆ ಹಾಕ್ತಿದ್ದರು. ಆ ವರ್ಷ ಆಲೂಗಡ್ಡೆ ಬೆಳೆ ಕೊಳೆತು ಹೋಯಿತು, ಸಮುದ್ರದ ಕಡೆ ಬ್ರಿಟಿಷರ ದಿಗ್ಬಂಧನ. ಹಾಗಾಗಿ ಇದನ್ನೇ ಬೇಯಿಸಿದರು, ಇದನ್ನೇ ಒಣಗಿಸಿ ಬ್ರೆಡ್ ಹಿಟ್ಟಿಗೆ ಸೇರಿಸಿದರು, ಇದನ್ನೇ ಜಾಮ್ ಮಾಡಿದರು. ನಾನು ಒಂದು ಸಲ ಸಂತೆಯಿಂದ ತಂದು ಬರೀ ಉಪ್ಪು ಹಾಕಿ ಬೇಯಿಸಿ ನೋಡಿದೆ. ಹೆಚ್ಚೋಕೆ ದೊಡ್ಡ ಚಾಕು ಬೇಕು, ಮಣೆ ಮೇಲೆ ಜಾರುತ್ತೆ. ಬೇಯುವಾಗ ಮನೆ ತುಂಬಾ ಒಂದು ಸಿಹಿಯಾದ, ಹಳಸಿದ ಕೋಸಿನಂಥ ವಾಸನೆ, ಮಾರನೇ ದಿನವೂ ಪರದೆಯಲ್ಲಿ ಇತ್ತು. ಒಂದು ಹೊತ್ತು ತಿನ್ನಬಹುದು. ಮೂರು ತಿಂಗಳು ಬೆಳಿಗ್ಗೆ ಮಧ್ಯಾಹ್ನ ರಾತ್ರಿ ಅದೇ ಅಂದರೆ ಹೇಗಿರಬೇಕು ಯೋಚಿಸಿ. ಆ ವಾಸನೆಯನ್ನು ತಂಗಿಯ ಪಾತ್ರಕ್ಕೆ ಕೊಡಿ, ಮುದುಕಿಯಾದ ಮೇಲೂ ಅವಳಿಗೆ ಅದು ಆಗಬಾರದು.

1923ರ ವಿಷಯಕ್ಕೆ ಬರೋಣ. ಅಪ್ಪನ ಜೊತೆ ಬಾಡೆನ್ ಸೀಮೆಯ ಫ್ರೈಬುರ್ಗ್‌ಗೆ ಹೋದ ತಂಗಿ ಅಲ್ಲಿ ಹಣದುಬ್ಬರಕ್ಕೆ ಸಿಗುತ್ತಾಳೆ. ಆ ನವೆಂಬರ್‌ನಲ್ಲಿ ಒಂದು ಡಾಲರ್‌ಗೆ 4.2 ಲಕ್ಷ ಕೋಟಿ ಮಾರ್ಕ್. ಯುದ್ಧಕ್ಕೆ ಮುಂಚೆ ಅದೇ ಡಾಲರ್‌ಗೆ 4.2 ಮಾರ್ಕ್ ಇತ್ತು. ಅಪ್ಪನ ಇಡೀ ಜೀವನದ ಉಳಿತಾಯ ಒಂದು ಬ್ರೆಡ್ಡಿಗೂ ಸಾಲದು. ನದಿಯ ಈಚೆ ಅಣ್ಣನ ಕೈಯಲ್ಲಿ ಫ್ರಾಂಕ್ ಇದೆ. ಅವನು ಕಳಿಸಿದರೂ ಅಪ್ಪನಿಗೆ ಅವಮಾನ, ಕಳಿಸದಿದ್ದರೆ ತಂಗಿಗೆ ಸಿಟ್ಟು. ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ ಅಲ್ವಾ?

ಕಾಗದಗಳ ಬಗ್ಗೆ ಒಂದು ಸಣ್ಣ ವಿಷಯ. ಅಜ್ಜಿ ಅಜ್ಜ ಬರೆಯುತ್ತಿದ್ದದ್ದು ಹಳೆಯ ಜರ್ಮನ್ ಕೈಬರಹ, ಕುರೆಂಟ್ ಅಂತಾರೆ. ನಮ್ಮ ಉತ್ತರ ಕರ್ನಾಟಕದಲ್ಲಿ ಅಜ್ಜನ ಕಾಲದ ಮೋಡಿ ಅಕ್ಷರದ ಪತ್ರ ಪೆಟ್ಟಿಗೆಯಲ್ಲಿದ್ದರೂ ಮೊಮ್ಮಕ್ಕಳಿಗೆ ಓದೋಕೆ ಬರಲ್ಲ ನೋಡಿ, ಹಾಗೇ ಅದು. ಅಣ್ಣನ ಮಗ 1922ರಲ್ಲಿ ಹುಟ್ಟಿದವನಾದರೆ ಫ್ರೆಂಚ್ ಶಾಲೆಯಲ್ಲಿ ಓದಿದವನು. ಫ್ರೈಬುರ್ಗ್‌ನಿಂದ ಅಜ್ಜ ಬರೆದ ಕಾಗದ ಅವನ ಕೈಯಲ್ಲಿದ್ದರೂ ಅವನು ಓದಲಾರ. ಯಾರಾದರೂ ಓದಿ ಹೇಳಬೇಕು, ಓದುವವರು ಏನನ್ನು ಬಿಡ್ತಾರೆ ಅನ್ನುವುದು ನಿಮ್ಮ ಕೈಯಲ್ಲಿದೆ.

ಎರಡನೇ ಯುದ್ಧದ ಭಾಗ ಇನ್ನೂ ಗಟ್ಟಿ. 1940ರ ಜೂನ್‌ನಲ್ಲಿ ಜರ್ಮನ್ನರು ಮತ್ತೆ ಬಂದರು. ಫ್ರೆಂಚ್ ಮಾತಾಡುವಂತಿಲ್ಲ, ಬೆರೆ ಟೋಪಿ ಹಾಕುವಂತಿಲ್ಲ, ಆನ್ರಿ ಅಂತ ಹೆಸರಿದ್ದವನು ಮತ್ತೆ ಹೈನ್ರಿಶ್ ಆಗಬೇಕು. 1942ರ ಆಗಸ್ಟ್ 25ಕ್ಕೆ ಅಲ್ಸಾಸ್ ಹುಡುಗರನ್ನು ಬಲವಂತವಾಗಿ ಜರ್ಮನ್ ಸೇನೆಗೆ ಸೇರಿಸುವ ಆದೇಶ ಬಂತು. ಪಕ್ಕದ ಮೊಸೆಲ್ ಜಿಲ್ಲೆಯೂ ಸೇರಿ ಸುಮಾರು 1,30,000 ಜನ. ಅವರಲ್ಲಿ 30,000ಕ್ಕೂ ಜಾಸ್ತಿ ಜನ ಮನೆಗೆ ಬರಲೇ ಇಲ್ಲ. ಓಡಿಹೋದರೆ ಅಪ್ಪ ಅಮ್ಮನನ್ನು ಜರ್ಮನಿಗೆ ಸಾಗಿಸ್ತಿದ್ದರು. 1943ರ ಫೆಬ್ರವರಿಯಲ್ಲಿ ಬಾಲರ್ಸ್‌ಡೋರ್ಫ್ ಅನ್ನುವ ಹಳ್ಳಿಯ ಹುಡುಗರು ಸ್ವಿಟ್ಜರ್ಲೆಂಡ್‌ಗೆ ಓಡಲು ಹೋಗಿ ಸಿಕ್ಕಿಬಿದ್ದರು, ಅವರನ್ನು ನಾಜಿಗಳ ಸ್ಟ್ರುಟ್‌ಹೋಫ್ ಶಿಬಿರದಲ್ಲಿ ಗುಂಡಿಟ್ಟು ಕೊಂದರು, ಮನೆಯವರನ್ನು ಎಳೆದುಕೊಂಡು ಹೋದರು. ಆ ಸುದ್ದಿ ಕೇಳಿದ ಮೇಲೆ ಅಣ್ಣನ ಮಗ ಜರ್ಮನ್ ಸಮವಸ್ತ್ರ ಹಾಕಿಕೊಳ್ಳುತ್ತಾನೆ. ತಂಗಿಯ ಮಗ ಫ್ರೈಬುರ್ಗ್‌ನಲ್ಲಿ ಹುಟ್ಟಿದವನು, ಅವನ ಮೈಮೇಲೂ ಅದೇ ಸಮವಸ್ತ್ರ, ಹಾಕಿಕೊಂಡ ಕಾರಣ ಬೇರೆ. ಸೋದರಮಾವನ ಮಗ 1940ರಲ್ಲೇ ತಪ್ಪಿಸಿಕೊಂಡು ಫ್ರೆಂಚ್ ಕಡೆ ಸೇರಿದ್ದರೆ, 1944ರ ನವೆಂಬರ್ 23ಕ್ಕೆ ಫ್ರೆಂಚ್ ಸೇನಾಪತಿ ಲೆಕ್ಲೇರ್ ಸೈನ್ಯದ ಜೊತೆ ಊರಿಗೆ ಬರುತ್ತಾನೆ. ಮೂವರೂ ಒಂದೇ ಅಂಗಳದಲ್ಲಿ ಆಡಬಹುದಾಗಿದ್ದ ಮಕ್ಕಳು.

ಅಣ್ಣನ ಮಗ ರಷ್ಯನ್ನರ ಕೈಗೆ ಸಿಕ್ಕರೆ ರಷ್ಯಾದ ತಂಬೋವ್ ಯುದ್ಧಕೈದಿಗಳ ಶಿಬಿರಕ್ಕೆ ಹೋಗ್ತಾನೆ, ಅಲ್ಸಾಸ್‌ನವರನ್ನು ಹೆಚ್ಚಾಗಿ ಅಲ್ಲೇ ಇಟ್ಟಿದ್ದರು. ಕೊನೆಯವನು ವಾಪಸ್ ಬಂದದ್ದು 1955ರಲ್ಲಿ. ನಿಮ್ಮ ಕಥೆಯೂ ಅಲ್ಲಿಗೇ ಮುಗಿಯುತ್ತೆ ಅಂದಿರಿ, ಆ ವರ್ಷವನ್ನು ಹಾಗೇ ಇಟ್ಟುಕೊಳ್ಳಿ.

ಒಂದು ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿ ಹೇಳ್ತೇನೆ. ನಿಮ್ಮ ಮೂರು ಅಧ್ಯಾಯದಲ್ಲಿ ಒಬ್ಬ ಯಹೂದಿಯೂ ಇಲ್ಲ. ಸ್ಟ್ರಾಸ್‌ಬರ್ಗ್‌ನಲ್ಲಿ ಅದು ಆಗದ ಮಾತು. ಯಹೂದಿಗಳ ದೊಡ್ಡ ಪ್ರಾರ್ಥನಾಮಂದಿರ, ಸಿನಗಾಗ್, ಇತ್ತು, 1940ರಲ್ಲಿ ಸುಟ್ಟರು. ಆ ಜುಲೈನಲ್ಲೇ ಅಲ್ಸಾಸ್‌ನಲ್ಲಿ ಉಳಿದಿದ್ದ ಯಹೂದಿಗಳನ್ನು ಹೊರಹಾಕಿದರು. ಫ್ರೈಬುರ್ಗ್ ಕಡೆಯೂ ನೋಡಿ, 1940ರ ಅಕ್ಟೋಬರ್ 22ಕ್ಕೆ ಬಾಡೆನ್ ಮತ್ತು ಪಕ್ಕದ ಪ್ರದೇಶದಿಂದ ಸುಮಾರು 6,500 ಯಹೂದಿಗಳನ್ನು ರೈಲಿಗೆ ತುಂಬಿ ಫ್ರಾನ್ಸಿನ ದಕ್ಷಿಣ ತುದಿಯ ಗುರ್ಸ್ ಶಿಬಿರಕ್ಕೆ ಕಳಿಸಿದರು. ಅವರ ಮನೆ ಸಾಮಾನನ್ನು ಊರಿನಲ್ಲೇ ಹರಾಜು ಹಾಕಿದರು. ನೆರೆಹೊರೆಯವರು ಬಂದು ಕೊಂಡರು. ನಿಮ್ಮ ತಂಗಿ ಅಲ್ಲಿ ಒಂದು ಊಟದ ಮೇಜು ಕೊಂಡಿರಬೇಕು. ತಾನು 1919ರಲ್ಲಿ ಎಲ್ಲ ಬಿಟ್ಟು ಬಂದವಳು, ತನಗೂ ಅನ್ಯಾಯ ಆಗಿದೆ ಅಂತ ಇಪ್ಪತ್ತು ವರ್ಷ ಹೇಳಿಕೊಂಡು ಬಂದವಳು. ಆ ಮೇಜಿನ ಅಡಿಯಲ್ಲಿ ಬೇರೆ ಮನೆಯ ಮಗು ಸೀಸದ ಕಡ್ಡಿಯಲ್ಲಿ ಗೀಚಿದ್ದು ಇರಲಿ. ಈ ಭಾಗ ಇಲ್ಲದಿದ್ದರೆ ಜರ್ಮನ್ ಕುಟುಂಬದ ನೋವಿನ ಕಥೆ ಅರ್ಧ ಸುಳ್ಳಾಗುತ್ತೆ.

ಮಂಗಳೂರಿನ ಬಾಸೆಲ್ ಮಿಷನ್ ತರಬಹುದಾ ಅಂತಲೂ ಕೇಳಿದ್ದಿರಿ. ತರಬಹುದು, ಆ ಪಾದ್ರಿಗಳಲ್ಲಿ ಬಹಳ ಜನ ರೈನ್ ಆಚೆಯ ವುರ್ಟೆಂಬೆರ್ಗ್ ಕಡೆಯವರೇ. ಮೊದಲ ಯುದ್ಧದಲ್ಲಿ ಬ್ರಿಟಿಷರು ಜರ್ಮನ್ನರನ್ನು ಅಹಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿದರು, ಹಂಚಿನ ಕಾರ್ಖಾನೆಗಳು ಅವರ ಕೈ ತಪ್ಪಿದವು. ಅಪ್ಪನ ಒಬ್ಬ ದೊಡ್ಡಪ್ಪ ಅಲ್ಲಿಂದ ಬರೆದ ಒಂದು ಕಾಗದ ಇರಲಿ, ಅಷ್ಟೇ ಸಾಕು. ಸುಮ್ನೆ ನಮ್ಮ ಊರು ಬರಲಿ ಅಂತ ಇಡೀ ಅಧ್ಯಾಯ ಬೇಡ.

ನಿಮಗೆ ಯಾವತ್ತಾದರೂ ಆ ಕಡೆ ಹೋಗೋಕೆ ಆದರೆ, ಜರ್ಮನಿ ಕಡೆಯ ಕೇಲ್ ಊರಿನಿಂದ ಟ್ರಾಮ್ ಹತ್ತಿ. 2017ರಿಂದ ನದಿ ದಾಟಿ ನೇರ ಸ್ಟ್ರಾಸ್‌ಬರ್ಗ್‌ಗೆ ಹೋಗುತ್ತೆ, ಗಡಿ ಬಂದದ್ದೂ ಗೊತ್ತಾಗಲ್ಲ. ಅಲ್ಲಿ ರಿಪಬ್ಲಿಕ್ ಚೌಕಕ್ಕೆ ಹೋಗಿ, ಜರ್ಮನ್ನರ ಕಾಲದಲ್ಲಿ ಅದು ಕೈಸರ್ ಚೌಕ. ಮಧ್ಯದಲ್ಲಿ 1936ರ ಯುದ್ಧಸ್ಮಾರಕ ಇದೆ. ಒಬ್ಬ ತಾಯಿ, ಅವಳ ಎರಡೂ ಕಡೆ ಸಾಯುತ್ತಿರುವ ಇಬ್ಬರು ಮಕ್ಕಳು. ಮಕ್ಕಳ ಮೈಮೇಲೆ ಬಟ್ಟೆಯಿಲ್ಲ, ಯಾಕೆಂದರೆ ಒಬ್ಬನಿಗೆ ಯಾವ ಸಮವಸ್ತ್ರ ಹಾಕಿದರೂ ಇನ್ನೊಬ್ಬನಿಗೆ ಬೇರೆ ಹಾಕಬೇಕು. ಕೆಳಗೆ "ನಮ್ಮ ಸತ್ತವರಿಗೆ" ಅಂತಷ್ಟೇ ಇದೆ, ಯಾವ ದೇಶಕ್ಕಾಗಿ ಅನ್ನುವುದಿಲ್ಲ. ನಾನು ಮೊದಲ ಸಲ ನೋಡಿದಾಗ ಇಬ್ಬರ ಕೈಗಳು ಕೆಳಗೆ ಒಂದನ್ನೊಂದು ಹಿಡಿದಿರುವುದು ಕಾಣಲೇ ಇಲ್ಲ. ಎರಡನೇ ಸಲ ಮಳೆಯಲ್ಲಿ ಹತ್ತಿರ ಹೋಗಿ ನಿಂತಾಗ ಕಂಡಿತು.

ಮೊದಲ ಅಧ್ಯಾಯವನ್ನು ಕಾರ್ಡ್ ಕೊಡುವ ಕಚೇರಿಯ ಸಾಲಿನಿಂದ ಶುರು ಮಾಡಿ ನೋಡಿ, 1914 ಆಮೇಲೆ ಹಿಂದಕ್ಕೆ ಹೋಗಿ ಹೇಳಬಹುದು. ಬರೆದ ಮೇಲೆ ಇಲ್ಲೇ ಹಾಕಿ. ಊರುಗಳ ಹೆಸರು, ದಿನಾಂಕ ನೋಡಿಕೊಡೋಕೆ ನಾನಿದ್ದೇನೆ, ಭಾನುವಾರ ಬೆಳಿಗ್ಗೆ ಬಿಡುವಾಗಿರ್ತೇನೆ.